ಕ್ಯಾಂಟೀನಿನ ಮೆನು ಕ್ಷೇಮ

3 ಜೂನ್, ಸೋಮವಾರ. ಬೆಳಗ್ಗೆ 9.20

ಮೇಲ್ ತೆರೆದೆ. ಬ್ಯಾಕಪ್ ರಿಪೋರ್ಟ್ ಎಲ್ಲ ಹಸಿರು. ಒಳ್ಳೆಯದು.

ಮೂರು ತಿಂಗಳಿಗೊಮ್ಮೆ ತುಂಬುವ ಫಾರ್ಮ್ ಬಂದಿದೆ. ‘ಬ್ಯಾಕಪ್‌ನಿಂದ ಸರ್ವರ್ ಮರಳಿ ತಂದು ಪರೀಕ್ಷಿಸಿದ್ದೀರಾ?’ ಕ್ಯಾಂಟೀನಿನ ಸರ್ವರ್ ತಂದು ನೋಡಿದೆ. ನಾಲ್ಕೇ ನಿಮಿಷ. ನಮ್ಮ ಹದಿನಾಲ್ಕು ಸರ್ವರ್‌ಗಳಲ್ಲಿ ಅದೇ ಚಿಕ್ಕದು, ಪ್ರತಿ ಸಲವೂ ಅದನ್ನೇ ತರುತ್ತೇನೆ. ಟಿಕ್. ಸಹಿ.

ಆಸ್ಪತ್ರೆಯ ಸ್ಪೀಚ್ ಥೆರಪಿಸ್ಟ್ ಮತ್ತೆ ಫೋನ್ ಮಾಡಿದ್ದಳು. ರೆಕಾರ್ಡಿಂಗ್ ರೂಮಿನ ಪಿಸಿಯಲ್ಲಿ ಜಾಗ ಇಲ್ಲವಂತೆ. ಐದು ವಾರದಿಂದ ಅದೇ ರಾಗ. ನಾಳೆ ಬರುತ್ತೇನೆ ಎಂದೆ. ನಾಳೆ ಹೋಗುವುದಿಲ್ಲ ಎಂದು ಅವಳಿಗೂ ಗೊತ್ತು.

5 ಜೂನ್, ಬುಧವಾರ. ಬೆಳಗ್ಗೆ 11.05

ಸ್ಟೋರೇಜ್ ಪೆಟ್ಟಿಗೆ ಕೈಕೊಟ್ಟಿತು. ಒಂದು ಡಿಸ್ಕ್ ಸತ್ತರೆ ತಡೆದುಕೊಳ್ಳುತ್ತದೆ. ಎರಡು ಒಟ್ಟಿಗೆ ಸತ್ತಿವೆ. ಒಂದೇ ದಿನ ಕೊಂಡ ಡಿಸ್ಕ್‌ಗಳು, ಒಂದೇ ದಿನ ಹೋಗೋಣ ಎಂದು ಮಾತಾಡಿಕೊಂಡಿದ್ದವೇನೋ.

ಒಂದು ಪೆಟ್ಟಿಗೆಯೊಳಗೆ ಹದಿನಾಲ್ಕು ಸರ್ವರ್ ಸಾಕುವುದರ ಸುಖ ಇದು. ಬಿದ್ದರೆ ಎಲ್ಲವೂ ಒಟ್ಟಿಗೆ. ಲ್ಯಾಬ್, ಔಷಧಿ ಅಂಗಡಿ, ಎಕ್ಸ್‌ರೇ, ಎಲ್ಲರ ಫೋನೂ ನನಗೇ. ಇಡೀ ಆಸ್ಪತ್ರೆಗೆ ನನ್ನ ನಂಬರ್ ಬಾಯಿಪಾಠ ಎಂದು ಇವತ್ತು ತಿಳಿಯಿತು.

ಮೇಲಧಿಕಾರಿ ಬಂದರು. ಏನೇ ಆದರೂ ಒಂದು ಸಾಲಿನಲ್ಲಿ ಹೇಳಬೇಕು ಅವರಿಗೆ. ಅದಕ್ಕೇ ನಾನಿಟ್ಟ ಹೆಸರು ಸಾರಾಂಶ ಸಾಹೇಬರು.

“ಒಂದು ಲೈನಲ್ಲಿ ಹೇಳಿ, ಏನಾಗಿದೆ?”

“ಎಲ್ಲಾ ಬಿದ್ದಿದೆ ಸರ್.”

“ಬ್ಯಾಕಪ್ ಇದೆ ತಾನೆ?”

“ಇದೆ ಸರ್.”

ಎಷ್ಟು ಜಂಬದಿಂದ ಹೇಳಿದೆ! ಹೊಸ ಪೆಟ್ಟಿಗೆ ಸಂಜೆಯೊಳಗೆ ಬರುತ್ತದೆ.

6 ಜೂನ್. ಮಧ್ಯಾಹ್ನ 3.40

ಹದಿಮೂರು ಎದ್ದು ನಿಂತಿವೆ. ಕ್ಯಾಂಟೀನಿನದ್ದು ಎಲ್ಲಕ್ಕಿಂತ ಮೊದಲು, ಮೆನುವಿನ ಒಂದು ಅಕ್ಷರ ತಪ್ಪದೆ.

ಹದಿನಾಲ್ಕನೆಯದು ದನಿ ಸರ್ವರ್, ಥೆರಪಿಸ್ಟ್ ಮಾಡಿದ ರೆಕಾರ್ಡಿಂಗ್‌ಗಳೆಲ್ಲ ಇರುವುದು ಅದರ D ಡ್ರೈವ್‌ನಲ್ಲಿ. ಅದೂ ಎದ್ದಿತು. ಖುಷಿಯಿಂದ D ಡ್ರೈವ್ ತೆರೆದೆ. ಡ್ರೈವೇ ಇಲ್ಲ.

ಮತ್ತೆ ತಂದೆ. ಇಲ್ಲ. ಮೊನ್ನೆಯ ಬ್ಯಾಕಪ್, ಕಳೆದ ತಿಂಗಳದ್ದು, ಕಳೆದ ವರ್ಷದ್ದು... ಇಲ್ಲ, ಇಲ್ಲ, ಇಲ್ಲ.

ಯಾರಿಗೂ ಹೇಳಿಲ್ಲ.

ಸಂಜೆ 5.30

ಕಾರಣ ಸಿಕ್ಕಿತು. ಕಾರಣ ನಾನೇ.

ಎರಡು ವರ್ಷದ ಹಿಂದೆ ಥೆರಪಿಸ್ಟ್ ದೂರಿದ್ದಳು, ರೆಕಾರ್ಡ್ ಆಗುವಾಗ ನಡುನಡುವೆ ದನಿ ತುಂಡಾಗುತ್ತದೆ ಎಂದು. ಬ್ಯಾಕಪ್‌ಗಾಗಿ ಸ್ನ್ಯಾಪ್‌ಶಾಟ್ ಎಂಬ ಪಡಿಯಚ್ಚು ತೆಗೆಯುವ ಹೊತ್ತಿಗೆ ಸರ್ವರ್ ಒಂದು ಕ್ಷಣ ಉಸಿರು ಬಿಗಿಹಿಡಿಯುತ್ತದೆ, ಅದರಿಂದ. ನಾನು ಮಹಾ ಜಾಣೆ. ದನಿ ಇರುವ ಆ ಒಂದು ಡಿಸ್ಕನ್ನು ಸ್ನ್ಯಾಪ್‌ಶಾಟ್‌ನಿಂದ ಹೊರಗಿಟ್ಟೆ. ತುಂಡಾಗುವುದು ನಿಂತಿತು. ಅವಳು ಚಾಕೊಲೇಟ್ ಕೊಟ್ಟಳು. ತಿಂದೆ. ಸ್ನ್ಯಾಪ್‌ಶಾಟ್ ಇಲ್ಲದಿದ್ದರೆ ಆ ಡಿಸ್ಕಿನ ಬ್ಯಾಕಪ್ಪೂ ಇಲ್ಲ ಎನ್ನುವುದು ತಲೆಗೆ ಹೋಗಲೇ ಇಲ್ಲ.

ಬ್ಯಾಕಪ್ ಸಾಫ್ಟ್‌ವೇರ್ ಸುಮ್ಮನಿರಲಿಲ್ಲ, ಪಾಪ. ದಿನಾ ಹಳದಿ ಗುರುತಿನ ಮೇಲ್ ಕಳಿಸಿದೆ. ‘ಮುಗಿಯಿತು, ಆದರೆ ಒಂದು ಡಿಸ್ಕ್ ಬಿಟ್ಟಿದ್ದೇನೆ.’ ಹಳದಿ ಮೇಲ್‌ಗಳ ಕಾಟ ತಾಳಲಾರದೆ ಅವೆಲ್ಲ ತಾವಾಗಿಯೇ ಬೇರೆ ಫೋಲ್ಡರಿಗೆ ಹೋಗುವಂತೆ ಮಾಡಿದವಳೂ ನಾನೇ. ಈಗ ತೆರೆದು ನೋಡಿದೆ. ಏಳುನೂರ ಹನ್ನೆರಡು ಮೇಲ್, ಒಂದನ್ನೂ ಓದಿಲ್ಲ.

ಬೈಯೋಣವೆಂದರೆ ನನ್ನ ಬಿಟ್ಟು ಇನ್ನೊಬ್ಬರಿಲ್ಲ.

7 ಜೂನ್. ಬೆಳಗ್ಗೆ 10

ಥೆರಪಿಸ್ಟ್‌ಗೆ ಹೇಳಿದೆ. ಕುರ್ಚಿ ಎಳೆದುಕೊಂಡು ಕೂತಳು.

ಗಂಟಲಿನ ಆಪರೇಷನ್ ಆಗಿ ದನಿ ಹೋಗುವವರ ಮಾತನ್ನು ಮೊದಲೇ ರೆಕಾರ್ಡ್ ಮಾಡಿಡುತ್ತಾಳೆ ಇವಳು. ಆಮೇಲೆ ಅದರಿಂದ ಅಂಗೈ ಅಗಲದ ಯಂತ್ರವೊಂದಕ್ಕೆ ದನಿ ಕಟ್ಟುತ್ತಾರೆ. ಟೈಪ್ ಮಾಡಿದ್ದನ್ನು ಅದು ಅವರದೇ ದನಿಯಲ್ಲಿ ಹೇಳುತ್ತದೆ. ಹಿಂದಿನವರೆಲ್ಲ ತಮ್ಮ ಯಂತ್ರ ತೆಗೆದುಕೊಂಡು ಹೋಗಿಯಾಗಿದೆ. ಬಾಕಿ ಇರುವುದು ಒಬ್ಬರೇ. ಕಂಡಕ್ಟರ್. ಮೂವತ್ತು ವರ್ಷ ಬಸ್ಸಿನಲ್ಲಿ ಕೂಗಿದ ಗಂಟಲು. ಏಪ್ರಿಲ್‌ನಲ್ಲಿ ನಾಲ್ಕು ಸಲ ಬಂದು ಆರುನೂರು ವಾಕ್ಯ ಓದಿ ಹೋದರು. ಮೇ ತಿಂಗಳಲ್ಲಿ ಆಪರೇಷನ್. ಈಗ ಮತ್ತೆ ಓದಿಸಲು ದನಿಯೇ ಇಲ್ಲ.

“ನಿನ್ನ ಹತ್ರ ಕಾಪಿ ಇದೆಯಾ? ಪೆನ್‌ಡ್ರೈವ್, ಏನಾದ್ರೂ?”

“ಪೆನ್‌ಡ್ರೈವ್ ಇಟ್ಕೊಂಡ್ರೆ ಮೇಲಿನವರಿಗೆ ಹೇಳ್ತೀನಿ ಅಂತ ನೀವೇ ಮೇಲ್ ಮಾಡಿದ್ರಲ್ಲ. ಕೆಂಪಕ್ಷರದಲ್ಲಿ.”

ಹೌದು, ಮಾಡಿದ್ದೆ.

“ಅವರ ಹೆಂಡತಿಗೆ ಕಣ್ಣು ಕಾಣಲ್ಲ. ಗೊತ್ತಾ ನಿಮಗೆ?” ಅಂದಳು. “ಅವರು ಸ್ಲೇಟಲ್ಲಿ ಬರೆದು ತೋರಿಸಿದ್ರೆ ಆಕೆ ಓದೋದು ಹೇಗೆ? ಒಂದು ತಿಂಗಳಿಂದ ಮನೇಲಿ ಟೇಬಲ್ ಕುಟ್ಟಿ ಕರೀತಿದಾರೆ.”

ಸತ್ತ ಡಿಸ್ಕ್‌ಗಳನ್ನು ರಿಕವರಿ ಅಂಗಡಿಗೆ ಕಳಿಸಿದೆ.

8 ಜೂನ್, ಶನಿವಾರ

ಅಂಗಡಿಯವನ ಫೋನ್. “ಒಳಗೆಲ್ಲಾ ಕೆರೆದು ಹೋಗಿದೆ ಮೇಡಂ. ಏನೂ ಬರಲ್ಲ. ಬ್ಯಾಕಪ್ ಇಟ್ಕೊಂಡಿರಲಿಲ್ವಾ?”

ಫೋನ್ ಇಟ್ಟೆ. ಇಡದಿದ್ದರೆ ಆ ಬಡಪಾಯಿಗೆ ಚೆನ್ನಾಗಿ ಬೀಳುತ್ತಿತ್ತು.

ಮನೆಯಲ್ಲಿ ಅತ್ತೆ ಬೀರುವಿನ ಇನ್ನೊಂದು ಬೀಗದಕೈ ಹುಡುಕುತ್ತಿದ್ದರು. ಎರಡನ್ನೂ ಒಂದೇ ಗೊಂಚಲಿಗೆ ಹಾಕಿದ್ದಾರೆ, ಗೊಂಚಲೇ ಕಾಣೆ. ಹೋದ ವರ್ಷ ಇದಕ್ಕೇ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆ. ಇವತ್ತು ಬಾಯಿ ಮುಚ್ಚಿಕೊಂಡು ಸೋಫಾದ ಕೆಳಗೆ ತಡಕಾಡಿದೆ.

“ಯಾಕೆ, ಇವತ್ತು ಪಾಠ ಹೇಳಲ್ವಾ?” ಅಂದರು.

“ಇಲ್ಲ ಅತ್ತೆ.”

ಹಣೆ ಮುಟ್ಟಿ ನೋಡಿದರು, ಜ್ವರವೇನೋ ಎಂದು.

10 ಜೂನ್, ಸೋಮವಾರ. ಮಧ್ಯಾಹ್ನ 12.30

ಕಂಡಕ್ಟರಿಗೆ ಹೇಳುವುದಿತ್ತು. ಸಾರಾಂಶ ಸಾಹೇಬರ ಸಲಹೆ: “ಟೆಕ್ನಿಕಲ್ ಪ್ರಾಬ್ಲಮ್ ಅಂದ್ಬಿಡಿ. ಒಂದು ಲೈನು.”

ದಂಪತಿ ಬಂದರು. ಆಕೆಯ ಒಂದು ಕೈ ಅವರ ಭುಜದ ಮೇಲೆ, ಇನ್ನೊಂದರಲ್ಲಿ ಕೋಲು. ಅವರ ಕುತ್ತಿಗೆಗೆ ಬಿಳಿ ಬಟ್ಟೆ, ಕಂಕುಳಲ್ಲಿ ಸ್ಲೇಟು. ಒಂದು ಲೈನು ಹೇಳಲಾಗಲಿಲ್ಲ. ಎಲ್ಲ ಹೇಳಿದೆ. ಹಳದಿ ಮೇಲ್, ಕ್ಯಾಂಟೀನಿನ ಸರ್ವರ್, ನನ್ನ ಸಹಿ.

ಕಂಡಕ್ಟರ್ ಸ್ಲೇಟನ್ನು ತೊಡೆಯ ಮೇಲಿಟ್ಟುಕೊಂಡರು. ಆಮೇಲೆ ಬರೆದರು. ದೊಡ್ಡ ಅಕ್ಷರ, ಬಸ್ಸಿನ ಬೋರ್ಡಿನ ಹಾಗೆ.

“ಏನ್ ಬರೆದ್ರು?” ಆಕೆ ಕೇಳಿದರು. “ಓದಮ್ಮ.”

ಓದಬೇಕಾದವಳು ನಾನೇ. ಓದಿದೆ. “ಪರವಾಗಿಲ್ಲ. ನಾನೂ ಎಷ್ಟೋ ಜನರನ್ನು ತಪ್ಪು ಸ್ಟಾಪಿನಲ್ಲಿ ಇಳಿಸಿದ್ದೇನೆ.”

ಆಕೆ ನಗಲಿಲ್ಲ.

“ಅವರಿಗೆ ಪರವಾಗಿಲ್ಲ ಇರಬಹುದು,” ಅಂದರು. “ಕೇಳಬೇಕಾಗಿರೋಳು ನಾನು.”

ಟಾಯ್ಲೆಟ್ಟಿಗೆ ಹೋಗಿ ಅತ್ತುಬಿಟ್ಟೆ. ಬರೆದುಕೊಳ್ಳಲು ನಾಚಿಕೆಯೇನಿಲ್ಲ.

ಯಾರದೋ ದನಿ ಹಾಕಿದ ಯಂತ್ರ ಕೊಡಬಹುದಂತೆ. ಕಂಪನಿಯವರ ಹತ್ತಿರ ‘ಗಂಡಸು 2’ ಎಂಬ ದನಿ ಇದೆ. ಗಂಡಸು 2! ಮನೆಯಲ್ಲಿ ಆಕೆಯನ್ನು ಯಾವನೋ ಗಂಡಸು 2 ಕರೆಯಬೇಕು.

12 ಜೂನ್. ಬೆಳಗ್ಗೆ 11.15

ಸಾಹೇಬರ ಆಜ್ಞೆ: ಬಾಕಿ ದೂರುಗಳೆಲ್ಲ ಇವತ್ತೇ ಮುಗಿಯಬೇಕು. ತನಿಖೆ ಬಂದರೆ ಪಟ್ಟಿ ಖಾಲಿ ಕಾಣಬೇಕಲ್ಲ.

ರೆಕಾರ್ಡಿಂಗ್ ರೂಮಿಗೆ ಹೋದೆ, ಕೊನೆಗೂ. ಹಳೇ ಪಿಸಿ. ಮುಟ್ಟಿದರೆ ಗೊರಗೊರ ಎನ್ನುತ್ತದೆ. ಜಾಗ ನುಂಗಿರುವುದು ತಾತ್ಕಾಲಿಕ ಫೈಲ್‌ಗಳ ಟೆಂಪ್ ಫೋಲ್ಡರ್. ಎಲ್ಲ ಸೆಲೆಕ್ಟ್ ಮಾಡಿ ಡಿಲೀಟ್ ಒತ್ತಿದೆ. ‘ಖಚಿತವೇ?’ ಎಂದು ಕೇಳಿತು. ಹತ್ತು ವರ್ಷದಿಂದ ಓದದೆ ಹೌದು ಒತ್ತಿದವಳು. ಇವತ್ತು, ಹಳದಿ ಮೇಲ್‌ಗಳ ಭಯಕ್ಕೋ ಏನೋ, ಓದಿದೆ. ಒಂದೇ ಫೈಲ್ ಆರು ಜಿಬಿ. ತಾರೀಖು 26 ಏಪ್ರಿಲ್, ಕಂಡಕ್ಟರ್ ಕೊನೆಯ ಸಲ ಓದಿದ ದಿನ.

ಬೇಡ ಎಂದು ಒತ್ತಿದೆ.

ರೆಕಾರ್ಡ್ ಮಾಡುವಾಗ ಮೊದಲು ಇಲ್ಲಿ ಬರೆದುಕೊಂಡು, ಸರ್ವರ್‌ಗೆ ಕಳಿಸಿ, ಆಮೇಲೆ ಇಲ್ಲಿನದ್ದನ್ನು ಅಳಿಸುತ್ತದಂತೆ. ಆ ದಿನ ಕಳಿಸಿಯಾಗಿದೆ, ಅಳಿಸುವಷ್ಟರಲ್ಲಿ ಜಾಗವಿಲ್ಲದೆ ಹ್ಯಾಂಗ್ ಆಗಿದೆ. ಅಂದಿನಿಂದಲೇ ಥೆರಪಿಸ್ಟ್‌ನ ದೂರು. ಅವಳು ಹೇಳಿದ ಕೂಡಲೇ ನಾನು ಬಂದು ಎಲ್ಲ ಅಳಿಸಿದ್ದರೆ... ಅಬ್ಬಾ. ಎರಡು ವರ್ಷದ ಹಿಂದೆ ಚುರುಕಾಗಿ ಮಾಡಿದ ಕೆಲಸ ಮುಳುಗಿಸಿತು. ಆರು ವಾರಕ್ಕೂ ಮೀರಿ ಮಾಡಿದ ಸೋಮಾರಿತನ ಉಳಿಸಿತು. ಇದನ್ನು ಯಾವ ಫಾರ್ಮಿನಲ್ಲಿ ಬರೆಯಲಿ?

ನಾಲ್ಕನೆಯ ಸಲದ್ದು ಮಾತ್ರ ಇರುವುದು. ಮೂರು ಕಡೆ ಕಾಪಿ ಮಾಡಿದೆ. ಮೂರನ್ನೂ ತೆರೆದು ಕೇಳಿದೆ. ಒಂದು ಪೆನ್‌ಡ್ರೈವ್ ಥೆರಪಿಸ್ಟ್ ಕೈಗೇ ಕೊಟ್ಟೆ.

“ಮೇಲಿನವರಿಗೆ ಹೇಳಲ್ಲ ತಾನೆ?” ಅಂದಳು, ಕಿಡಿಗೇಡಿ.

ಮಾತು ಬಿಡಿಸಿದರೆ ಇಪ್ಪತ್ತಾರು ನಿಮಿಷ. ದನಿ ಕಟ್ಟಲು ಸಾಲಬಹುದು, ಸ್ವಲ್ಪ ಒರಟಾಗಿ ಬರಬಹುದು ಎಂದಳು. ಒರಟಾಗಲಿ ಬಿಡು, ಕಂಡಕ್ಟರಿನದಲ್ಲವೇ!

14 ಜೂನ್, ಶುಕ್ರವಾರ. ಬೆಳಗ್ಗೆ 10.40

ಹನ್ನೊಂದಕ್ಕೆ ಬರಲು ಹೇಳಿದ್ದೇವೆ. ಏಕೆ ಎಂದು ಹೇಳಿಲ್ಲ. ಥೆರಪಿಸ್ಟ್ ಯಂತ್ರ ತರಲು ಮೇಲೆ ಹೋಗಿದ್ದಾಳೆ. ನಾನು ರೆಕಾರ್ಡಿಂಗ್ ರೂಮಿನಲ್ಲಿ ಒಬ್ಬಳೇ, ಫೈಲನ್ನು ಮೊದಲಿಂದ ಕೊನೆಯವರೆಗೆ ಕೇಳುತ್ತಿದ್ದೇನೆ. ಇನ್ನು ಮೇಲೆ ಹಾಗೇ. ಕೇಳದೆ ಸಹಿ ಇಲ್ಲ.

ಹದಿನೇಳನೆಯ ನಿಮಿಷ. ಮೈಕಿನ ವೈರ್ ಸಡಿಲವಾಗಿದೆ ಎಂದು ಯಾರೋ ಒಳಗೆ ಬರುತ್ತಾರೆ. ಚಪ್ಪಲಿ ಸದ್ದು. ಅದು ನಾನು. ಬಂದಿದ್ದೆ ಎಂಬುದೇ ಮರೆತುಹೋಗಿತ್ತು.

“ಇದನ್ನೆಲ್ಲ ಎಲ್ಲಿಡ್ತೀರಮ್ಮ?” ಕಂಡಕ್ಟರಿನ ದನಿ. ತುಂಬಿದ ಬಸ್ಸಿನ ಹಿಂದಿನ ಬಾಗಿಲವರೆಗೂ ಕೇಳುವಂಥದ್ದು.

“ಸರ್ವರಲ್ಲಿ ಅಂಕಲ್. ಎರಡೆರಡು ಕಡೆ ಇರುತ್ತೆ.”

“ಕಳೆದುಹೋಗಲ್ಲ ತಾನೆ? ನಮ್ಮನೆಯವಳು ನನ್ನ ಗುರುತು ಹಿಡಿಯೋದೇ ಇದರಿಂದ.”

“ಅಯ್ಯೋ, ದಿನಾ ನಾನೇ ನೋಡ್ತೀನಿ. ನೀವು ನಿಶ್ಚಿಂತೆಯಾಗಿರಿ.”

ಎಷ್ಟು ಸಲೀಸಾಗಿ ಹೇಳಿದ್ದೇನೆ. ವೈರ್ ಸಿಕ್ಕಿಸುತ್ತಲೇ ಹೇಳಿದ್ದೇನೆ, ಮುಖ ಕೂಡ ನೋಡಿರಲಿಕ್ಕಿಲ್ಲ.

ಈ ತುಂಡನ್ನು ಕತ್ತರಿಸಿ ಎಸೆಯಬಹುದು. ದನಿ ಕಟ್ಟಲು ಇದು ಬೇಕಾಗಿಯೂ ಇರಲಿಲ್ಲ. ಯಾರಿಗೂ ತಿಳಿಯುವುದಿಲ್ಲ. ಮೌಸ್ ಮೇಲೆ ಕೈಯಿಟ್ಟು ಕೂತೆ. ಕತ್ತರಿಸಲಿಲ್ಲ. ಅವರೆದುರೇ ಹಾಕುತ್ತೇನೆ. ಬೈದರೆ ಬೈಸಿಕೊಳ್ಳುತ್ತೇನೆ.

ಹೊರಗೆ ಕೋಲಿನ ಟಕ್ ಟಕ್. ಬೇಗ ಬಂದುಬಿಟ್ಟರು. ಬಾಗಿಲು ತೆರೆದೇ ಇದೆ, ಸ್ಪೀಕರ್ ಓಡುತ್ತಲೇ ಇದೆ. ಅದರಲ್ಲಿ ಕಂಡಕ್ಟರ್ ಮುಂದಿನ ವಾಕ್ಯ ಓದುತ್ತಿದ್ದಾರೆ, ‘ಊಟ ಆಯ್ತಾ? ನನಗೆ ಕಾಯ್ಬೇಡ’...

ಕೋಲಿನ ಸದ್ದು ನಿಂತಿತು.

“ರೀ?” ಆಕೆಯ ದನಿ. “ಒಳಗೆ ಮಾತಾಡ್ತಿರೋದು ನೀವಾ?”

ಎದ್ದು ಹೋಗಬೇಕು. ಆರಿಸಲೋ, ಬಿಡಲೋ... ಬಿಡುತ್ತೇನೆ, ಆಕೆ ಇನ್ನೂ ಒಂದು ಸಲ ಕೇಳಲಿ—