ಕಾಗೆ ಮುಟ್ಟದ ಮುದ್ದೆ

ಅಪ್ಪ,

ಇವತ್ತು ನಿನ್ನ ತಿಥಿ. ಕ್ಯಾತನಹಳ್ಳಿಯ ಗದ್ದೆಯಲ್ಲಿ ನಿನ್ನ ಸಮಾಧಿಯ ಮುಂದೆ ಅಮ್ಮ ಮುದ್ದೆ, ಉಪ್ಸಾರಿನ ಎಡೆ ಇಟ್ಟಳು. ಬಿಸಿಲೇರಿದರೂ ಕಾಗೆ ಮುಟ್ಟಲಿಲ್ಲ. ಅದು ಮುಟ್ಟದೆ ಯಾರೂ ಉಣ್ಣುವಂತಿಲ್ಲ. ಕೊನೆಗೆ ನಿನ್ನ ಡ್ರೈವರ್ ಕರಿಯಪ್ಪ ಬಾಯಿಬಿಟ್ಟ: “ಸಾಹೇಬ್ರು ಮಂತ್ರಿಯಾಗಿ ಡೆಲ್ಲಿಗೋದ್ಮೇಲೆ ಮುದ್ದೆ ಮುಟ್ತಿರ್ನಿಲ್ಲ ಕಣವ್ವ. ಚಪಾತಿ ಮಡಗಿ.”

ಹಾಗಾದರೆ ಪ್ರತಿ ಚುನಾವಣೆಗೂ ಊರಿಗೆ ಬಂದು, ಫೋಟೊದವರ ಮುಂದೆ ಅಮ್ಮನ ಮುದ್ದೆ ನುಂಗಿದ್ದು? “ಇಂಥಾ ಮುದ್ದೆ ಪಾರ್ಲಿಮೆಂಟಲ್ಲಿ ಸಿಗಾಕಿಲ್ಲ” ಎಂದು ಭಾಷಣ ಬಿಗಿದದ್ದು? ನಾಚಿಕೆಯಾಗಲಿಲ್ಲವೇ ನಿನಗೆ? ನೀನು ಬಾರದ ವರ್ಷಗಳಲ್ಲೆಲ್ಲ ಅಮ್ಮ ಆ ಒಂದು ಮಾತನ್ನೇ ಊರಿಗೆಲ್ಲ ಹೇಳಿಕೊಂಡು ಬದುಕಿದಳು.

ಪಕ್ಕದ ಮನೆಯಿಂದ ಚಪಾತಿ ತಂದಿಟ್ಟೆವು. ತಕ್ಷಣ ಕಾಗೆ ಬಂತು.

ಅಮ್ಮ ಅಳಲಿಲ್ಲ. ತಣ್ಣಗಾದ ಮುದ್ದೆಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಕೇಳಿದಳು:

“ಒಂದ್ಸಲ ಬಾಯ್ಬುಟ್ಟು ಯೋಳಿದ್ರೆ ನಾನೇ ಚಪಾತಿ ಮಾಡ್ತಿರ್ನಿಲ್ವಾ?”