ಹುಡುಗಿ ನೋಡುವ ಚಹಾದಂಗಡಿ

ಸಿರುಗುಪ್ಪ
ತಾ. 9-8-1950

ಬಳ್ಳಾರಿಯಲ್ಲಿರುವ ನನ್ನ ಅಕ್ಕ ಉಚ್ಚೆಂಗೆಮ್ಮನಿಗೆ, ನಿನ್ನ ತಂಗಿ ಹಂಪಮ್ಮನ ನಮಸ್ಕಾರಗಳು. ಭಾವನವರಿಗೂ ನಮಸ್ಕಾರ ತಿಳಿಸು, ಆದರೆ ಕಾಗದ ಮಾತ್ರ ಅವರ ಕೈಗೆ ಕೊಡಬೇಡ. ಕೌಲ್ ಬಜಾರಿನ ತುಂಬ ಓದಿ ಹೇಳಿಬರುತ್ತಾರೆ.

ನಿನ್ನ ಕಾಗದ ಮುಟ್ಟಿತು. ಅರ್ಧ ಊರು ನೋಡಿ ಬೇಡವೆಂದ ಮೇಲೆ ನನ್ನನ್ನು ಹೆಲ್ತ್ ಇನ್ಸ್‌ಪೆಕ್ಟರರ ಕೊರಳಿಗೆ ಕಟ್ಟುತ್ತಿದ್ದಾರಂತೆ, ಅಂಗಡಿ ಉಳಿಸಿಕೊಳ್ಳಲು ಅಪ್ಪ ಮಗಳನ್ನೇ ಕೊಟ್ಟನಂತೆ, ಅದನ್ನು ಕೇಳಿ ನೀನು ಊಟ ಬಿಟ್ಟು ಕೂತಿದ್ದೀಯಂತೆ. ಮೊದಲು ಎದ್ದು ಊಟ ಮಾಡು. ನಿನಗೆ ಸುದ್ದಿ ಮುಟ್ಟಿಸಿದವರು ಯಾರೆಂದು ನನಗೆ ಗೊತ್ತು, ಅವರನ್ನು ಆಮೇಲೆ ನೋಡಿಕೊಳ್ಳುತ್ತೇನೆ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ, ಓದು.

ಹೊಳೆಯ ಕಡೆಯ ಒಂದೆರಡು ಮನೆಗಳಲ್ಲಿ ಶುರುವಾದ ವಾಂತಿಭೇದಿ ಪೇಟೆಯವರೆಗೂ ಬಂತು. ಪಂಚಾಯ್ತಿ ಬೋರ್ಡಿನವರು ಡಂಗುರ ಹೊಡೆಸಿದರು. ಚಹಾದಂಗಡಿ, ಖಾನಾವಳಿ, ಮಿಠಾಯಿ ಅಂಗಡಿ, ಎಲ್ಲವೂ ಮುಂದಿನ ಹುಕುಂ ಬರುವವರೆಗೆ ಬಂದ್. ಕುರುಗೋಡಿನವರಾದ ಇನ್ಸ್‌ಪೆಕ್ಟರರು ಸೈಕಲ್ಲಿನ ಮೇಲೆ ಬಂದು ನಮ್ಮ ಅಂಗಡಿಯ ಬಾಗಿಲಿಗೆ ಕಾಗದ ಅಂಟಿಸಿ ಹೋದರು. ಅವರ ಹೆಸರು ಚಂದ್ರಣ್ಣ ಎಂದು ಇದೊಂದೇ ಸಲ ಬರೆಯುತ್ತೇನೆ, ಇನ್ನು ಮೇಲೆ ಬರೆಯಬಾರದಂತೆ. ಅಪ್ಪನ ಸ್ವಭಾವ ನಿನಗೆ ಗೊತ್ತಲ್ಲ, ಮುಚ್ಚು ಎಂದವರ ಎದುರಿಗೇ ತೆರೆಯುವ ಮನುಷ್ಯ. "ಅಂಗಡಿ ಬಂದ್ ಮಾಡಬಹುದು, ಹೊಟ್ಟಿ ಹೆಂಗ ಬಂದ್ ಮಾಡ್ತಾರಂತ" ಎಂದು ಗೊಣಗುತ್ತ ಬೀಗ ಹಾಕಿದ. ಅದು ಸುಳ್ಳೂ ಅಲ್ಲ. ಆ ಒಲೆ ಉರಿದರೆ ತಾನೇ ನಮ್ಮ ಮನೆಯ ಒಲೆ ಉರಿಯುವುದು. ಎದುರಿಗೆ ಮಿರ್ಚಿ ಕರಿಯುವ ಸರ್ವರಬಿಯೂ ಅದನ್ನೇ ಹೇಳಿ ಅತ್ತಳು.

ಉಪಾಯ ಹೊಳೆದದ್ದು ಅಪ್ಪನಿಗಲ್ಲ, ಗಾಡಿ ಹೊಡೆಯುವ ದೊಡ್ಡಬಸಪ್ಪನಿಗೆ. ಚಹಾ ಇಲ್ಲದೆ ತಲೆ ಸಿಡಿಯುತ್ತದೆಂದು ಅಂಗಡಿಯ ಹಿಂದಿನ ನಮ್ಮ ಮನೆಗೆ ಹಿತ್ತಲ ಬಾಗಿಲಿನಿಂದ ಬಂದು ಪಡಸಾಲೆಯಲ್ಲಿ ಕೂತು ಕುಡಿಯುತ್ತಿದ್ದ. ಅಷ್ಟರಲ್ಲಿ ಇನ್ಸ್‌ಪೆಕ್ಟರರು ಒಳಗೆ ಬಂದೇಬಿಟ್ಟರು. ಇವರು ಯಾರು, ಇಲ್ಲೇನು ಮಾಡುತ್ತಿದ್ದಾರೆ ಎಂದು ಕೇಳಿದರೆ ಈ ಮುದುಕ ಮೀಸೆ ಒರೆಸಿಕೊಂಡು "ಹುಡುಗಿ ನೋಡಾಕ ಬಂದೀನ್ರಿ ಸಾಹೇಬ್ರ" ಎನ್ನಬೇಕೆ. ಅವ್ವ ಬಾಯಿಗೆ ಸೆರಗು ಹಿಡಿದಳು. ಪುಣ್ಯಕ್ಕೆ ಅವನೇ "ಮೊಮ್ಮಗಗ್ರಿ" ಎಂದು ಸೇರಿಸಿದ. ಹುಡುಗಿ ನೋಡಬಾರದೆಂದು ಹುಕುಮಿನಲ್ಲಿ ಎಲ್ಲಿಯೂ ಬರೆದಿರಲಿಲ್ಲ. ಅವರು ಕಿಸೆಯಿಂದ ಕಾಗದ ತೆಗೆದು ಇನ್ನೊಮ್ಮೆ ಓದಿಕೊಂಡು ಹೊರಟುಹೋದರು.

ಮರುದಿನದಿಂದ ನಮ್ಮ ಪಡಸಾಲೆಗೆ ಕಂಬಳಿ ಬಿತ್ತು. ನಾನು ಅವ್ವನ ಇಳಕಲ್ ಸೀರೆ ಉಟ್ಟು ಚಹಾದ ತಟ್ಟೆ ಹಿಡಿದು ಬರಬೇಕು, ನಮಸ್ಕಾರ ಮಾಡಬೇಕು, ಮಣೆಯ ಮೇಲೆ ಕೂಡಬೇಕು. ಹೆಸರೇನು, ಅಪ್ಪನ ಹೆಸರೇನು, ರೊಟ್ಟಿ ಬಡಿಯಲು ಬರುತ್ತದೆಯೇ ಎಂದು ಚಹಾಕ್ಕೆ ಬಂದವರು ಕೇಳಬೇಕು. ನನ್ನನ್ನು ಎತ್ತಿ ಆಡಿಸಿದವರೂ ಹೆಸರು ಕೇಳಿದರು. ಹೋಗುವಾಗ ಹುಡುಗಿಯ ಕೈಗೆ ದುಡ್ಡು ಇಡುವುದು ನಮ್ಮ ಕಡೆಯ ಪದ್ಧತಿಯಾದ್ದರಿಂದ ಅಪ್ಪ ಬಾಯಿಬಿಟ್ಟು ಏನೂ ಕೇಳಬೇಕಾಗಿರಲಿಲ್ಲ. ಸರ್ವರಬಿ ನಮ್ಮ ಹಿತ್ತಲಲ್ಲೇ ಬಾಣಲೆ ಇಟ್ಟಳು.

ಬೆಳಿಗ್ಗೆ ನೋಡಿ ಹೋದವರು ಸಂಜೆ ಮತ್ತೆ ಬರುತ್ತಿದ್ದರು. ಮುಂಜಾನೆ ಬೆಳಕು ಸಾಲದಾಗಿತ್ತಂತೆ. ಒಬ್ಬ ಅರ್ಧ ಕಪ್ಪು ಕೇಳಿದ್ದಕ್ಕೆ ಅಪ್ಪ "ಹುಡುಗಿ ನೋಡಾಕ ಬಂದವರು ಅರ್ಧ ಕಪ್ ಕೇಳ್ತಾರೇನಲೇ" ಎಂದು ಗದರಿಸಿದ. ಮಿರ್ಚಿ ಆರಿಹೋಗಿದ್ದರೆ "ಹುಡುಗಿ ಯಾಕೋ ಇವತ್ತ ಸಪ್ಪಗದಾಳ" ಎಂದು ನನಗೇ ಹೆಸರಿಡುತ್ತಿದ್ದರು. ಮಂಡಕ್ಕಿ ಭಟ್ಟಿಯ ಓಬಣ್ಣನಿಗೆ ಇರುವವರೆಲ್ಲ ಗಂಡುಮಕ್ಕಳು. ನಮ್ಮ ಹಿತ್ತಲಿಗೆ ಬರುವ ಜನ ನೋಡಿ ಹೊಟ್ಟೆ ಉರಿದುಕೊಂಡು, ಒಂದಾದರೂ ಹೆಣ್ಣು ಹಡೆಯಲಿಲ್ಲವೆಂದು ಹೆಂಡತಿಯನ್ನು ಬೈದನಂತೆ. ಇಂಥ ಬೈಗುಳ ಈ ಊರಿನಲ್ಲಿ ಮೊದಲ ಸಲ ಕೇಳಿದೆ ಎಂದು ಅವ್ವ ದಿನವೆಲ್ಲ ನಕ್ಕಳು.

ನನಗೂ ಮೊದಮೊದಲು ನಗುವೇ. ಆಮೇಲೆ ಸಿಟ್ಟು ಬಂತು. ಇಷ್ಟು ಜನ ನೋಡಿದರೂ ಒಬ್ಬನೂ ಒಪ್ಪಲಿಲ್ಲವೆಂದರೆ ಹುಡುಗಿಗೆ ಏನೋ ಐಬು ಇರಬೇಕೆಂದು ನೀರಿಗೆ ಬಂದ ಹೆಂಗಸರು ಮಾತಾಡಿಕೊಳ್ಳತೊಡಗಿದರು. ಅದನ್ನೂ ತಾಳಿಕೊಂಡೆ. ತಾಳಲಾಗದಿದ್ದದ್ದು ಖಾಜಾಮಿಯಾ ಕಾಕಾನ ಸುದ್ದಿ. ಗಾದಿ ಹೊಲಿಯುವ ಕಾಕಾ ಯಾವ ಗುಂಪು ಬಂದರೂ ಗಂಡಿನ ಕಡೆಯ ಹಿರಿಯನಾಗಿ ಜೊತೆಗೆ ಬರುತ್ತಿದ್ದ. ಒಂದು ದಿನ ಬರಲಿಲ್ಲ. ವಾಂತಿಭೇದಿ ಹಿಡಿದು ಅವನನ್ನು ಊರ ಹೊರಗೆ ರೋಗಿಗಳಿಗೆಂದು ಹಾಕಿದ ಶೆಡ್ಡಿಗೆ ಒಯ್ದಿದ್ದರು. ಹೊಳೆಯ ನೀರು ಕುಡಿದಿರಬೇಕು ಎಂದ ಅಪ್ಪ. ಇರಬಹುದು. ಆದರೆ ಕಾಕಾನ ಕಪ್ಪು ತೊಳೆಯುತ್ತಿದ್ದವಳು ನಾನು, ಎಲ್ಲರ ಕಪ್ಪು ಅದ್ದುವ ಅದೇ ಬಕೀಟಿನಲ್ಲಿ. ನನ್ನ ಕೈಯಿಂದಲೇ ಯಾರಾದರೂ ಸಾಯುತ್ತಾರೆ ಎಂಬ ಭಯ ಹಿಡಿಯಿತು, ಅಕ್ಕ. ನಿಲ್ಲಿಸೆಂದು ಅಪ್ಪನ ಕಾಲು ಹಿಡಿದೆ. ನಿಲ್ಲಿಸಿದರೆ ಏನು ಮಣ್ಣು ತಿನ್ನೋಣವೇ ಎಂದ. ಮರುದಿನ ಕಾಕಾನ ಜಾಗಕ್ಕೆ ಬೇರೊಬ್ಬ ಹಿರಿಯ ಬಂದು ಕೂತಿದ್ದ.

ಅದಾದ ಸೋಮವಾರ ಇನ್ಸ್‌ಪೆಕ್ಟರರು ಬಂದರು. ತಾವೇ ಅಂಟಿಸಿದ ಕಾಗದದ ಮುಂದೆ ನಿಂತು ಬೀಗ ಹಾಕಿದ ಬಾಗಿಲು ತಟ್ಟಿದರು. ಜೊತೆಗೆ ಕುರುಗೋಡಿನಿಂದ ಬಂದ ಅವರ ತಾಯಿ ಮತ್ತು ಸೋದರಮಾವ. ಹುಡುಗಿ ನೋಡಲು ಬಂದಿದ್ದೇವೆ ಎಂದರು. ನಮ್ಮ ಜನವೇ, ಲಗ್ನಕ್ಕೆ ಅಡ್ಡಿಯಾಗದ ಹಾಗೆ ಬೆಡಗೂ ಬೇರೆ, ಒಳಗೆ ಬರಬೇಡಿ ಎನ್ನಲು ಯಾವ ನೆಪವೂ ಇರಲಿಲ್ಲ. ಹಿಡಿಯಲು ಬಂದಿದ್ದಾರೋ ನಿಜವಾಗಿ ನೋಡಲು ಬಂದಿದ್ದಾರೋ ಅಪ್ಪನಿಗೆ ತಿಳಿಯಲಿಲ್ಲ. ಚಹಾ ಕೊಟ್ಟರೆ ಅಂಗಡಿ ತೆರೆದಂತೆ, ಕೊಡದಿದ್ದರೆ ಮನೆಗೆ ಬಂದ ನೆಂಟರಿಗೆ ಅವಮಾನ. ಅವ್ವ ಧೈರ್ಯ ಮಾಡಿ ಕೊಡಿಸಿದಳು. ಇನ್ಸ್‌ಪೆಕ್ಟರರು ಕಪ್ಪನ್ನು ಬೆಳಕಿಗೆ ಹಿಡಿದು ನೋಡಿದರು. ನನ್ನ ಹೆಸರು ಕೇಳಲಿಲ್ಲ, ರೊಟ್ಟಿಯ ವಿಚಾರ ಕೇಳಲಿಲ್ಲ, "ಕಪ್ ತೊಳದ ನೀರು ಕಾಯಿಸಿದ್ದೇನು?" ಎಂದು ಕೇಳಿದರು. ಇಲ್ಲ ಎಂದೆ. ಅಪ್ಪ ಜೋರಾಗಿ ಕೆಮ್ಮಿದ. ಅವರು ಕಪ್ಪು ಕೆಳಗಿಟ್ಟರು.

ಆಗ ಅವರ ತಾಯಿ ನನ್ನ ಕೈಯಲ್ಲಿ ಒಂದು ರೂಪಾಯಿ ಇಟ್ಟು, "ನಮಗ ಒಪ್ಪಿಗಿ ಐತವ್ವ. ನಿನಗೂ ಒಪ್ಪಿಗಿ ಇದ್ರ ಇಟ್ಗೊ, ಇಲ್ಲಂದ್ರ ಹೊಳ್ಳಿ ಕೊಡು" ಎಂದರು. ಅಪ್ಪನ ಮುಖ ನೋಡಬೇಕಿತ್ತು ನೀನು. ಇಟ್ಟುಕೊಂಡರೆ ಚಹಾ ಮಾರಿದ್ದಕ್ಕೆ ಸಾಕ್ಷಿ, ಹೊಳ್ಳಿ ಕೊಟ್ಟರೆ ಸರ್ಕಾರಿ ನೌಕರಿಯ ಗಂಡು ಕೈಬಿಟ್ಟಂತೆ. ಅವನು ಬೇಡವೆಂದು ಹುಬ್ಬು ಅಲ್ಲಾಡಿಸುತ್ತಿದ್ದ, ಅವ್ವ ಬಾಗಿಲ ಹಿಂದಿನಿಂದ ಇಟ್ಟುಕೋ ಎಂದು ಕೈ ಅಲ್ಲಾಡಿಸುತ್ತಿದ್ದಳು. ನಾನು ಮುಷ್ಟಿ ಮುಚ್ಚಿದೆ. ತಾಯಿ ಎಲ್ಲರ ಬಾಯಿಗೆ ಸಕ್ಕರೆ ಹಾಕಿದರು. ಇನ್ಸ್‌ಪೆಕ್ಟರರು ಎದ್ದು ಅಪ್ಪನಿಗೆ ಕೈಮುಗಿದು "ಹುಡುಗಿ ಗೊತ್ತಾದಂಗಾತಲ್ರಿ ಮಾವ. ಇನ್ನ ಮ್ಯಾಲ ಈಕಿನ್ನ ನೋಡಾಕ ಯಾರೂ ಬರೂ ಹಂಗಿಲ್ಲ" ಎಂದರು.

ಸಕ್ಕರೆ ಅಪ್ಪನ ಬಾಯಲ್ಲೇ ಉಳಿಯಿತು. ಅಂಟಿಸಿದ ಕಾಗದವನ್ನು ಲೆಕ್ಕಿಸದ ಮನುಷ್ಯ, ಈ ಮಾತಿಗೆ ಕಟ್ಟುಬಿದ್ದ. ಗೊತ್ತಾದ ಹುಡುಗಿಯನ್ನು ಇನ್ನೊಬ್ಬರಿಗೆ ತೋರಿಸಿದರೆ ಮರ್ಯಾದೆ ಉಳಿಯುತ್ತದೆಯೇ. ಸಂಜೆ ದೊಡ್ಡಬಸಪ್ಪ ಬಂದಾಗ ತಾನೇ ಹಿತ್ತಲ ಬಾಗಿಲಿಗೆ ಹೋಗಿ "ಹುಡುಗಿ ಗೊತ್ತಾಗ್ಯಾಳಪಾ" ಎಂದು ಚಿಲಕ ಹಾಕಿದ. ತನ್ನನ್ನು ಒಂದು ಮಾತು ಕೇಳದೆ ಯಾಕೆ ಗೊತ್ತು ಮಾಡಿದಿರೆಂದು ಆ ಮುದುಕ ಹೊರಗೇ ನಿಂತು ಜಗಳ ತೆಗೆದ.

ನಾವು ಮಣ್ಣನ್ನೇನೂ ತಿನ್ನಲಿಲ್ಲ. ಶೆಡ್ಡಿನ ರೋಗಿಗಳಿಗೆ ನೀರು ಕಾಯಿಸಿ ಗಂಜಿ ಮಾಡುವ ಕೆಲಸವನ್ನು ಇನ್ಸ್‌ಪೆಕ್ಟರರೇ ಬೋರ್ಡಿನವರಿಗೆ ಹೇಳಿ ಅಪ್ಪನಿಗೂ ಸರ್ವರಬಿಗೂ ಕೊಡಿಸಿದರು. ಖಾಜಾಮಿಯಾ ಕಾಕಾ ಗುಣವಾಗಿ ಮನೆಗೆ ಬಂದಿದ್ದಾನೆ. ಅಪ್ಪನ ಚಹಾಕ್ಕಿಂತ ಗಂಜಿಯೇ ಗಟ್ಟಿ ಎಂದು ಊರಿಗೆಲ್ಲ ಹೇಳುತ್ತಿದ್ದಾನೆ. ಹೋದ ಶುಕ್ರವಾರ ಹುಕುಂ ತೆಗೆದರು, ಅಂಗಡಿ ತೆರೆದಿದೆ. ಇದರಲ್ಲಿ ಅಪ್ಪ ನನ್ನನ್ನು ಕೊಟ್ಟದ್ದು ಎಲ್ಲಿ ಬಂತು, ನೀನೇ ಹೇಳು. ದೀಪಾವಳಿ ಕಳೆದ ಮೇಲೆ ಲಗ್ನ. ಮೊದಲೇ ಬಂದು ಅವ್ವನ ಕೈಗೆ ಆಸರೆಯಾಗು. ಭಾವನವರೂ ನೀನೂ ವಾಂತಿಭೇದಿಯ ಸೂಜಿ ಹಾಕಿಸಿಕೊಂಡೇ ಬರಬೇಕೆಂದು ಅವರು ಹೇಳಿ ಕಳಿಸಿದ್ದಾರೆ.

ನಿನ್ನ ಪ್ರೀತಿಯ ತಂಗಿ,
ಹಂಪಮ್ಮ

ತಾ.ಕ. ಇದನ್ನು ಅಪ್ಪನಿಗೆ ಎಂದೂ ಹೇಳಬಾರದು. ಕಾಕಾನನ್ನು ಶೆಡ್ಡಿಗೆ ಒಯ್ದ ಮರುದಿನ ಅವರು ಬಾವಿಗೆ ಔಷಧಿ ಹಾಕಲು ಬಂದಿದ್ದರು. ನಾನೇ ಮಾತಾಡಿಸಿದೆ. ನಿಮ್ಮ ಕಾಗದಕ್ಕೆ ನಮ್ಮ ಅಂಗಡಿ ಮುಚ್ಚುವುದಿಲ್ಲ, ತಾಯಿಯನ್ನು ಕರೆದುಕೊಂಡು ಹುಡುಗಿ ನೋಡಲು ಬನ್ನಿ, ಒಪ್ಪಿದರೆ ಮುಚ್ಚುತ್ತದೆ ಎಂದೆ. ಅವರ ಕೈಯಲ್ಲಿದ್ದ ಔಷಧಿಯೆಲ್ಲ ಒಮ್ಮೆಲೇ ಬಾವಿಗೆ ಬಿತ್ತು. ಮೊನ್ನೆ ಹುಕುಂ ತೆಗೆದ ಮೇಲೆ ಮತ್ತೆ ಬಾವಿಯ ಹತ್ತಿರ ಬಂದು, ಅಂಗಡಿ ಮುಚ್ಚಿಸಲೆಂದಷ್ಟೇ ಒಪ್ಪಿದ್ದರೆ ರೂಪಾಯಿ ಹೊಳ್ಳಿ ಕೊಡು, ತಾಯಿಗೆ ನಾನು ಏನಾದರೂ ಹೇಳಿಕೊಳ್ಳುತ್ತೇನೆ ಎಂದು ತಲೆ ತಗ್ಗಿಸಿ ನಿಂತರು. ಆ ರೂಪಾಯಿಗೆ ಬಳೆ ಇಡಿಸಿಕೊಂಡುಬಿಟ್ಟೆ, ಇನ್ನೆಲ್ಲಿಂದ ಕೊಡಲಿ ಎಂದೆ. ಸುಳ್ಳು, ಅಕ್ಕ. ರೂಪಾಯಿ ಆಗಲೂ ಸೆರಗಿನ ಗಂಟಿನಲ್ಲಿತ್ತು, ಇದನ್ನು ಬರೆಯುವಾಗಲೂ ಅಲ್ಲೇ ಇದೆ.