ಅಪ್ಪನ ಕಡೆಯ ರಕ್ತ

ಔರಂಗಾಬಾದ್
೧೧ ಜುಲೈ ೨೦೧೧

ಅಮ್ಮನಿಗೆ ಅಪೂರ್ವಳ ನಮಸ್ಕಾರ.

ನಿನ್ನ ಮೊಣಕಾಲು ನೋವು ಹೇಗಿದೆ? ಓಝರಿನಲ್ಲಿ ಮಳೆ ಹಿಡಿದಿದೆಯಂತೆ, ಅಕ್ಕನ ಮನೆಯಲ್ಲಿ ತಣ್ಣೀರಿಗೆ ಕೈ ಹಾಕುತ್ತ ಕೂರಬೇಡ. ಜಯಕ್ಕನಿಗೆ ವಾಂತಿ ಕಡಿಮೆಯಾಯಿತೇ? ಫೋನಿನಲ್ಲಿ ಹೇಳಿದರೆ ನೀನು ಅರ್ಧಕ್ಕೇ ಇಟ್ಟುಬಿಡುತ್ತೀ, ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ಲ್ಯಾಬಿನಲ್ಲಿ ಹೋದ ತಿಂಗಳು ಥಲಸ್ಸೇಮಿಯಾದ ಡಿಎನ್‌ಎ ಪರೀಕ್ಷೆ ಶುರುವಾಯಿತು. ಅಕ್ಕನ ಸುಹಾಸನನ್ನು ಐದೇ ವರ್ಷಕ್ಕೆ ಕೊಂಡೊಯ್ದ ಕಾಯಿಲೆ. ರೋಗಿಯ ರಕ್ತದ ಜೊತೆ ಹೋಲಿಸಲು ದೋಷವಿಲ್ಲದವರದೊಂದು ಬೇಕು. ನಾನೇ ತೋಳೇರಿಸಿ ಕೊಟ್ಟೆ. ಇದನ್ನೇ ಓದಿದವಳು, ಆದರೂ ನಿನ್ನ ಮಾತು ನಂಬಿದ್ದೆ. "ಅಪೂರ್ವ ನನ್ನ ತವರಿನ ರಕ್ತ, ಚೊಕ್ಕ ಅದ. ಜಯಾಗ ಅಪ್ಪನ ಕಡೀದು ಹತ್ತೇದ" ಎಂದು ಸುಹಾಸ ಹೋದ ಹನ್ನೆರಡನೆಯ ದಿನವೂ ಎಲೆಯ ಮುಂದೆ ಕೂತು ಹೇಳಿದೆಯಲ್ಲ. ಆಗ ಒಳಗೊಳಗೇ ಹಿಗ್ಗಿದ್ದೆ, ನಾಚಿಕೆಯಾಗುತ್ತದೆ. ಡಿಎನ್‌ಎ ಬೇರೆ ಮಾಡಿ, ಯಂತ್ರದಲ್ಲಿ ಅದರ ಪ್ರತಿ ಹೆಚ್ಚಿಸಿ, ಜೆಲ್ ಎಂಬ ಲೋಳೆಯಂಥ ಪದರದಲ್ಲಿ ಓಡಿಸುತ್ತೇವೆ. ದೋಷವಿದ್ದರೆ ಒಂದು ಜಾಗದಲ್ಲಿ ಗೆರೆ ಮೂಡುತ್ತದೆ. ನನ್ನ ಸಾಲಿನಲ್ಲಿ ಮೂಡಿತು. ಬೇರೆಯವರ ಸ್ಯಾಂಪಲ್ ತಾಗಿರಬೇಕೆಂದು ಹೊಸ ರಕ್ತ ತೆಗೆದು ಮೂರು ಸಲ ಓಡಿಸಿದೆ. ಮೂರು ಸಲವೂ ಅಲ್ಲೇ.

ನನಗೇನೂ ಆಗುವುದಿಲ್ಲ, ಗಾಬರಿಯಾಗಬೇಡ. ತಂದೆ ತಾಯಿ ಇಬ್ಬರಿಂದಲೂ ಬಂದರೆ ಮಾತ್ರ ಮಗುವಿಗೆ ಕಾಯಿಲೆ. ನೀನು ಅಕ್ಕನನ್ನು ನಿನ್ನ ತಮ್ಮನಿಗೇ ಕೊಟ್ಟೆ. ಸುಹಾಸನಿಗೆ ಇಬ್ಬರಿಂದಲೂ ಬಂದಿತ್ತು, ಆದರೆ ಹೃಷಿಕೇಶ ಮಾವನನ್ನು ಇವತ್ತಿನವರೆಗೆ ಯಾರೂ ಒಂದು ಮಾತು ಅಂದಿಲ್ಲ. ಅನ್ನಿಸಿಕೊಂಡವಳು ಅಕ್ಕ. ನಿನ್ನ ತವರಿನ ಒಂದು ಕೂಸನ್ನೂ ಅವಳ ಕೈಗೆ ಕೊಡಲಿಲ್ಲ ನೀನು.

ಈಗ ಅವಳಿಗೆ ಹತ್ತನೆಯ ವಾರ. ಹೊಟ್ಟೆಗೆ ಸೂಜಿ ಹಾಕಿ ಮಾಸಿನ ಒಂದು ಚೂರು ತೆಗೆದು ನೋಡಿದರೆ ಈ ಮಗುವಿಗೆ ಕಾಯಿಲೆ ಇದೆಯೋ ಇಲ್ಲವೋ ತಿಳಿಯುತ್ತದೆ, ಹನ್ನೆರಡು ವಾರ ದಾಟುವ ಮೊದಲು ಆಗಬೇಕು. "ಹೊಟ್ಟಿಗೆ ಸೂಜಿ ಚುಚ್ಚಸಂಗಿಲ್ಲ" ಎಂದು ಹಟ ಹಿಡಿದಿದ್ದೀಯಂತೆ. ಅಡ್ಡ ನಿಲ್ಲಬೇಡ ಅಮ್ಮಾ. ಶನಿವಾರದ ಬಸ್ಸಿಗೆ ಅಕ್ಕ, ಮಾವ ಇಬ್ಬರನ್ನೂ ಇಲ್ಲಿಗೆ ಕಳಿಸು.

ನಿನ್ನ ಮೇಲೆ ಬಹಳ ಸಿಟ್ಟಿದೆ. ಆದರೂ ಬಿಪಿ ಮಾತ್ರೆ ತಪ್ಪಿಸಬೇಡ. ಅಕ್ಕನಿಗೆ ನನ್ನ ಮುದ್ದು, ಮಾವನಿಗೆ ನಮಸ್ಕಾರ.

ನಿನ್ನ ಮಗಳು,
ಅಪೂರ್ವ

ತಾ.ಕ.: ಕೊರಿಯರಿನವನು ನಿಂತಿದ್ದಾನೆ. ಮೊನ್ನೆ ಬ್ಯಾಂಕಿನ ಕೆಲಸಕ್ಕೆ ಇಲ್ಲಿಗೆ ಬಂದಿದ್ದ ಅಪ್ಪನ ರಕ್ತವನ್ನೂ ತೆಗೆದುಕೊಂಡೆ. ಸೂಜಿ ಚುಚ್ಚುವಾಗ "ನಂದೇ ಇರ್ತದವಾ, ಬ್ಯಾರೆ ಯಾರದೂ ನೋಡಬ್ಯಾಡ" ಅಂದರು. ಅವರ ಸಾಲಿನಲ್ಲಿ ಆ ಗೆರೆ ಇಲ್ಲ. ನನಗೂ ಅಕ್ಕನಿಗೂ ಬಂದದ್ದು ನಿನ್ನಿಂದ. ತಮ್ಮ ರಕ್ತವೇ ಮೊಮ್ಮಗನನ್ನು ತಿಂದಿತೆಂದು ಆರು ವರ್ಷದಿಂದ ಅಪ್ಪ ಅಕ್ಕನ ಮುಖ ನೋಡಿ ಮಾತಾಡಿಲ್ಲ. ಅವರಿಗೆ ನಾನಿನ್ನೂ ಹೇಳಿಲ್ಲ. ನೀನೇ ಹೇಳು.